ದೊಡ್ಡಮ್ಮನ ಕೈಯ ನವೆ

ನಾನು ಎಂಬಿಬಿಎಸ್ ಓದುವಾಗ ನಮ್ಮ ಕಾಲೇಜಿನಲ್ಲಿ ಆನರ್ಸ್ ಸಂಶೋಧನಾ ಕಾರ್ಯಕ್ರಮ ಶುರುವಾಯಿತು. ತರಗತಿಯ ಓದಿನ ಜೊತೆಗೆ ನಮ್ಮದೇ ಒಂದು ಪ್ರಶ್ನೆ ಹಿಡಿದು, ಗೈಡ್ ಒಬ್ಬರ ಕೈಕೆಳಗೆ ಅದರ ಬೆನ್ನು ಹತ್ತಬೇಕು. ಕೊನೆಗೆ ಪರೀಕ್ಷಕರ ಮುಂದೆ ನಿಂತು ಉತ್ತರ ಒಪ್ಪಿಸಬೇಕು. ಅವರು ತಲೆಯಾಡಿಸಿದರೆ ಆನರ್ಸ್, ಇಲ್ಲದಿದ್ದರೆ ಎಲ್ಲರ ಹಾಗೆ ಬರೀ ಡಾಕ್ಟರ್. ಗೆಳತಿಯರು ಹೃದಯ, ಮೆದುಳು, ಕ್ಯಾನ್ಸರ್ ಎಂದು ದೊಡ್ಡ ದೊಡ್ಡ ವಿಷಯ ಆರಿಸಿಕೊಂಡರು. ನಾನು ನವೆ ಆರಿಸಿಕೊಂಡೆ. ಹಾಸ್ಟೆಲ್ಲಿನಲ್ಲಿ ನನಗೆ ‘ಕೆರೆತದ ಡಾಕ್ಟರ್’ ಎಂದು ಹೆಸರಾಯಿತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ವಾರಗಟ್ಟಲೆ ಯಾರನ್ನೂ ಮಾತಾಡಿಸಲಿಲ್ಲ.

ನವೆಯ ಕಾರಣ ನಮ್ಮ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ. ಶೆಟ್ಟಿಕೆರೆ ಕಡೆಯವಳು. ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಒಣಗಿದ ತೆಂಗಿನಕಾಯಿಗಳನ್ನು ಇಳಿಸಿ, ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ಬಿಡಿಸುವುದರಲ್ಲಿ ಅವಳದು ಎತ್ತಿದ ಕೈ. ಆ ಕೆಲಸ ನಡೆಯುವಷ್ಟು ದಿನ ಅವಳ ತೋಳಿನ ತುಂಬ ಕೆಂಪು ಗುಳ್ಳೆ. ಆ ವರ್ಷ ಯಾರೋ ವೈದ್ಯರು ದೂರದಿಂದಲೇ ನೋಡಿ ಕಜ್ಜಿ ಎಂದರಂತೆ, ಅಂಟುತ್ತದೆ ಎಂದರಂತೆ. ಅದೇ ಹೊತ್ತಿಗೆ ಮಗಳು ಹೆರಿಗೆಗೆ ಬಂದಿದ್ದಳು. ಕೂಸಿಗೆ ಎರೆಯುವುದರಲ್ಲಿ ದೊಡ್ಡಮ್ಮನನ್ನು ಬಿಟ್ಟರಿಲ್ಲ. ಕಾಲು ನೀಡಿ ಕೂತು, ಕಾಲ ಮೇಲೆ ಮಲಗಿಸಿಕೊಂಡು, ನಮ್ಮ ವಂಶದ ಮಕ್ಕಳಿಗೆಲ್ಲ ನೀರು ಹಾಕಿದವಳು, ನನಗೂ ಹಾಕಿದವಳು. ಅಂಥವಳು ತನ್ನ ಮೊಮ್ಮಗಳ ಸ್ನಾನಕ್ಕೆ ಪಕ್ಕದ ಮನೆಯವಳನ್ನು ಕರೆಸಿ, ತಾನು ಬಚ್ಚಲಮನೆಯ ಬಾಗಿಲಲ್ಲಿ ನಿಂತು ಇಣುಕುತ್ತಿದ್ದಳು.

ನೀನೇ ಎರಿ ದೊಡ್ಡಮ್ಮ ಎಂದರೆ, “ನಂಗೆ ಬ್ಯಾಡ ಕಣೇ. ಮಗೀಗೆ ಅಂಟ್ಕಂಡ್ರೆ?” ಎಂದಳು. ಇದು ಕಜ್ಜಿ ಹೌದೋ ಅಲ್ಲವೋ ಎಂಬುದೇ ನನ್ನ ಪ್ರಶ್ನೆಯಾಯಿತು.

ಗೈಡ್ ಮೇಡಂ ಸಲಹೆ ಸರಳವಾಗಿತ್ತು. ಕಜ್ಜಿಯ ಹುಳ ಚರ್ಮದೊಳಗೆ ಕೊರೆದು ಕೂರುತ್ತದೆ. ಒಣ ಕೊಬ್ಬರಿಯ ಧೂಳಿನಲ್ಲಿ ಬೇರೊಂದು ನುಸಿ ಬದುಕುತ್ತದೆ, ಅದು ಮೈಮೇಲೆ ಬಿದ್ದರೆ ಗುಳ್ಳೆ ಏಳುತ್ತದೆ, ಒಳಗೆ ಕೊರೆಯುವುದಿಲ್ಲ. ಕೆಲಸ ಮಾಡುವವರ ತೋಳಿಗೆ ಅಂಟುಪಟ್ಟಿ ಒತ್ತಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡು ಎಂದರು.

ದೊಡ್ಡಮ್ಮನ ಜೊತೆ ಕೆಲಸಕ್ಕೆ ಕೂರುವ ಹೆಂಗಸರೆಲ್ಲ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಬರುವ ದಿನ ಮೊದಲೇ ತಿಳಿಸಿದೆ. ಹೋಗಿ ನೋಡಿದರೆ ಎಲ್ಲರೂ ಅವತ್ತಿನ ಕೆಲಸ ಬೇಗ ಮುಗಿಸಿ, ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆಯುಟ್ಟು, ತೋಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಜಗಲಿಯ ಮೇಲೆ ಸಾಲಾಗಿ ಕೂತಿದ್ದರು. ಮದುವೆಗೆ ಹೊರಟವರ ಹಾಗೆ! ಪಟ್ಟಿಯಲ್ಲಿ ಒಂದು ನುಸಿಯೂ ಇಲ್ಲ. ಸ್ನಾನ ಮಾಡಬೇಡಿ ಎಂದು ಫೋನಿನಲ್ಲಿ ಗೋಗರೆದು ಮತ್ತೆ ಹೋದೆ. ಮತ್ತೆ ಅದೇ ಸ್ನಾನ, ಅದೇ ಎಣ್ಣೆ. ರೇಗಿದೆ.

“ಸುಮ್ಕಿರು ಕಣವ್ವ. ಡಾಕ್ಟ್ರಮ್ಮನ ಮುಂದೆ ಧೂಳು ಕೈ ಚಾಚಕ್ಕಾಯ್ತದಾ? ನಮ್ಗೂ ಮರ್ವಾದೆ ಇಲ್ವಾ?” ಎಂದು ಅವರಲ್ಲಿ ಹಿರಿಯಳೊಬ್ಬಳು ನನ್ನನ್ನೇ ಗದರಿದಳು.

ಇತ್ತ ಮೇಡಂ, ಮಾದರಿ ಸಿಗದಿದ್ದರೆ ಕಾರ್ಯಕ್ರಮದಿಂದ ಹೊರಬರಬೇಕಾಗುತ್ತದೆ ಎಂದು ಎಚ್ಚರಿಸಿದರು. ಬಸ್ಸಿನಲ್ಲಿ ಕೂತು ಅತ್ತೆ. ಅತ್ತು ಮುಗಿದ ಮೇಲೆ ಹೊಳೆಯಿತು. ನಾನು ನೆಂಟರ ಹಾಗೆ ಹೋಗುತ್ತಿದ್ದೆ, ಅವರು ನೆಂಟರಿಗೆ ತಕ್ಕ ಹಾಗೆ ನಡೆದುಕೊಳ್ಳುತ್ತಿದ್ದರು.

ಮುಂದಿನ ಸಲ ಬಿಳಿ ಕೋಟು ಹಾಸ್ಟೆಲ್ಲಿನಲ್ಲೇ ಬಿಟ್ಟೆ. ಹಳೇ ಚೂಡಿದಾರ ತೊಟ್ಟು, ಬೆಳಿಗ್ಗೆಯೇ ಹೋಗಿ ಅವರ ನಡುವೆ ಚಿಪ್ಪು ಒಡೆಯಲು ಕೂತೆ. ನಾನು ಬಿಡಿಸಿದ ಕೊಬ್ಬರಿಯೆಲ್ಲ ಚೂರುಚೂರು. “ಇವ್ಳನ್ನ ಬುಟ್ರೆ ಉಂಡೆ ಹೋಗಿ ಪುಡಿ ಮಾರ್ಬೇಕಾಯ್ತದೆ” ಎಂದು ದೊಡ್ಡಮ್ಮ ನಕ್ಕಳು. ಮಧ್ಯಾಹ್ನದ ಹೊತ್ತಿಗೆ ನನ್ನ ತೋಳು ಉರಿಯತೊಡಗಿತು, ಕೆರೆದುಕೊಂಡೆ. ಎಲ್ಲರೆದುರಿಗೇ ಮೊದಲ ಪಟ್ಟಿಯನ್ನು ನನ್ನ ಧೂಳು ತೋಳಿಗೆ ಒತ್ತಿದೆ. ಡಾಕ್ಟ್ರಮ್ಮನೇ ಇಷ್ಟು ಗಲೀಜಾಗಿ ಕೂತ ಮೇಲೆ ಅವರಿಗೆಂಥ ನಾಚಿಕೆ? ಒಬ್ಬೊಬ್ಬರಾಗಿ ತೋಳು ಚಾಚಿದರು.

ಮೈಕ್ರೋಸ್ಕೋಪಿನಲ್ಲಿ ಮೈತುಂಬ ಉದ್ದುದ್ದ ಕೂದಲಿನ, ಗಾಜಿನಂಥ ಪುಟ್ಟ ಜೀವ ಕಂಡಾಗ ಪ್ರಯೋಗಾಲಯದಲ್ಲೇ ಕುಣಿದೆ. ಅದೇ ನುಸಿ ಚಿಪ್ಪಿನ ಧೂಳಿನಲ್ಲೂ ಇತ್ತು. ಗುಳ್ಳೆಗಳನ್ನು ಕೆರೆದು ನೋಡಿದರೆ ಯಾರ ಚರ್ಮದೊಳಗೂ ಕಜ್ಜಿಯ ಹುಳ ಇರಲಿಲ್ಲ.

ಕೊನೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಎಲ್ಲ ಕೇಳಿ, ಕನ್ನಡಕ ಸರಿಮಾಡಿಕೊಂಡು, “ಇದು ಕಜ್ಜಿ ಅಲ್ಲ, ಒಪ್ಪಿದೆ. ಆದರೆ ಈ ನುಸಿ ಮೈಮೇಲೇ ಉಳಿದು ಮನೆಯವರಿಗೆ ದಾಟುವುದಿಲ್ಲ ಅನ್ನೋದಕ್ಕೆ ಏನಮ್ಮ ಆಧಾರ?” ಎಂದರು.

ಮೇಡಂ ಮುಖ ಬಾಡಿತು. ನನಗೆ ಮಾತ್ರ ಆ ಜಗಲಿ ಕಣ್ಣಮುಂದೆ ಬಂತು. ಹಾಳಾದವು ಎಂದುಕೊಂಡರೂ ಬಿಸಾಡದೆ ಇಟ್ಟಿದ್ದ ಖಾಲಿ ಪಟ್ಟಿಗಳನ್ನು ಮೇಜಿನ ಮೇಲಿಟ್ಟೆ. “ಇವೂ ಅದೇ ತೋಳುಗಳು ಸಾರ್. ಕೆಲಸ ಮುಗಿಸಿ ಸ್ನಾನ ಮಾಡಿ ಕೂತಾಗ ತೆಗೆದದ್ದು. ಒಂದರಲ್ಲೂ ನುಸಿ ಇಲ್ಲ.”

ಅವರು ಒಂದೊಂದನ್ನೇ ನೋಡಿದರು. ಆಮೇಲೆ ಎದ್ದು ನಿಂತು ಕೈಕುಲುಕಿದರು. ಗೆದ್ದೆ! ‘ಕೆರೆತದ ಡಾಕ್ಟರ್’ ಎಂದವರೇ ಹೊರಗೆ ಹೆಗಲ ಮೇಲೆ ಎತ್ತಿಕೊಂಡರು. ಎಲ್ಲರನ್ನೂ ಅಲ್ಲೇ ಕ್ಷಮಿಸಿಬಿಟ್ಟೆ.

ಸಂಜೆಯ ಬಸ್ಸಿಗೇ ದೊಡ್ಡಮ್ಮನ ಮನೆಗೆ ಹೋದೆ. ಆನರ್ಸ್ ಅಂದರೆ ಏನೆಂದು ಅವಳು ಕೇಳಲಿಲ್ಲ.

“ನೀರು ಹುಯ್ಕಂಡ್ರೆ ಸಾಕಾ? ಮಗೀಗೆ ಏನೂ ಆಗಕಿಲ್ವಾ?”

“ಸೋಪು ಹಚ್ಚಿ ಸ್ನಾನ ಮಾಡಿ, ಕೆಲಸದ ಸೀರೆ ಬದಲಾಯಿಸು. ಅಷ್ಟೇ ಸಾಕು. ಏನೂ ಆಗಲ್ಲ ದೊಡ್ಡಮ್ಮ.”

ಮಾರನೇ ಬೆಳಿಗ್ಗೆ ಅವಳು ಮಿಂದು, ಮಡಿಸಿಟ್ಟಿದ್ದ ಸೀರೆಯುಟ್ಟು ಬಚ್ಚಲಲ್ಲಿ ಮಣೆ ಹಾಕಿಕೊಂಡು ಕಾಲು ನೀಡಿ ಕೂತಳು. ಮಗಳು ಕೂಸನ್ನು ತಂದು ಅವಳ ಕಾಲ ಮೇಲೆ ಮಲಗಿಸಿದಳು. ಮೊದಲ ಚೊಂಬಿಗೇ ಮನೆ ಹಾರಿಹೋಗುವಂತೆ ಕೂಸು ಕಿರುಚಿತು. ದೊಡ್ಡಮ್ಮನ ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ.

“ನೋಡ್ಕಂಡು ನಿಂತವ್ಳಲ್ಲ ಡಾಕ್ಟ್ರಮ್ಮ! ತತ್ತಾ ಇನ್ನೊಂದು ಚೊಂಬು!”

ನಾನು ಹಂಡೆಗೆ ಚೊಂಬು ಅದ್ದಿದೆ.