ಗೊತ್ತಿಲ್ಲದವರ ಗುಂಪು

ನನ್ನ ಹೆಂಡತಿ ತೀರಿಕೊಂಡ ಮಾರನೆಯ ದಿನ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಕುಳಿತಿದ್ದವರ ಫೋನುಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ಜೇಬಿನಲ್ಲಿ, ಕೈಚೀಲದಲ್ಲಿ, ಬೆಂಚಿನ ಮೇಲೆ. ನನ್ನದೂ ಮಾಡಿತು. ತೆಗೆದು ನೋಡಿದರೆ ಅವಳ ಸಂದೇಶ.

"ನಮಸ್ಕಾರ. ಮಳೆ ಸ್ವಲ್ಪ ಬಿಡುವು ಕೊಟ್ಟಿದೆ. ಬೆಳಿಗ್ಗೆ ಬೇಗ ಎದ್ದು ಬೀಜ ಹುರಿದಿದ್ದೇನೆ, ಮನೆಯೆಲ್ಲ ಪರಿಮಳ. ಈ ವಾರ ಪುಡಿ ತರಿಸಿಕೊಂಡವರಿಗೆ ಕರಿಮೆಣಸಿನ ಸಣ್ಣ ಪೊಟ್ಟಣ ನನ್ನ ಕಡೆಯಿಂದ."

ನನ್ನ ಸೋದರತ್ತೆ ಕನ್ನಡಕ ಹುಡುಕಿ ಹಾಕಿಕೊಂಡು ಎರಡು ಸಲ ಓದಿದರು.

"ಮಗ, ಇದ್ನ ಅವ್ಳೇ ಕಳ್ಸಿದ್ದಾ?"

"ಗೊತ್ತಿಲ್ಲೆ ಅತ್ತೆ" ಎಂದೆ. ನಿಜವಾಗಿಯೂ ಆ ಹೊತ್ತಿಗೆ ನನಗೆ ಗೊತ್ತಾಗಲಿಲ್ಲ. ಹಿಂದಿನ ದಿನ ಎದೆನೋವು ಎಂದವಳನ್ನು ಜೀಪಿನಲ್ಲಿ ಮೈಸೂರಿಗೆ ಕರೆದುಕೊಂಡು ಹೊರಟಿದ್ದೆ. ತಿತಿಮತಿ ದಾಟುವ ಮೊದಲೇ ಅವಳ ಕೈ ನನ್ನ ಕೈಯಲ್ಲಿ ತಣ್ಣಗಾಗಿತ್ತು. ಸಾವಿನ ಸುದ್ದಿ ಸಾರಲು ಪಕ್ಕದ ತೋಟದವರು ಕೋವಿ ತಂದು ಜೋಡಿ ಗುಂಡು ಹಾರಿಸಿದ್ದರು. ಅದು ಕೇಳಿದವರೆಲ್ಲ ಬಂದಿದ್ದರು. ಇಷ್ಟೆಲ್ಲ ಆದ ಮೇಲೆ ಅವಳು ಬೆಳಿಗ್ಗೆ ಬೇಗ ಎದ್ದು ಬೀಜ ಹುರಿದಿದ್ದೇನೆ ಎನ್ನುತ್ತಿದ್ದಳು.

ನನ್ನ ನಾದಿನಿ, ಅವಳ ತಂಗಿ, ಎದ್ದು ಬಂದು ಮೆಲ್ಲಗೆ ಹೇಳಿದಳು. "ಬಾವ, ಅದು ಸಾಫ್ಟ್‌ವೇರ್ ಕಳ್ಸಿದ್ದು. ಅಕ್ಕ ಹೋದ ವಾರವೇ ಬರ್ದು ಇಟ್ಟಿರ್ಬೇಕು."

ನಾನು ತಲೆಯಾಡಿಸಿದೆ. ಅಷ್ಟರಲ್ಲಿ ಫೋನು ಮತ್ತೆ ಸದ್ದು ಮಾಡಿತು. ಯಾರೋ ಅರ್ಧ ಕಿಲೋ ಪುಡಿ ಬೇಕೆಂದಿದ್ದರು. ಪೊಟ್ಟಣ ಕಟ್ಟುವವನು ನಾನೆಂದು ಆರ್ಡರುಗಳು ನನ್ನ ಫೋನಿಗೂ ಬರುವ ಹಾಗೆ ಅವಳು ಮಾಡಿಟ್ಟಿದ್ದಳು.

ನಾನು ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಆಳುಗಳ ಹಾಜರಿ ಬರೆಯುವುದು, ಪಿಕಿಂಗ್ ಸಮಯದಲ್ಲಿ ಚೀಲ ತೂಗುವುದು, ಇಷ್ಟೇ ನನ್ನ ಓದುಬರಹ. ಕೆಲಸ ಬಿಟ್ಟ ಮೇಲೆ ಗೋಣಿಕೊಪ್ಪಲಿನ ಹತ್ತಿರದ ನಮ್ಮ ತುಂಡು ತೋಟದ ಕಾಫಿಯನ್ನು ಹುರಿದು ಪುಡಿ ಮಾಡಿ ಅಂಚೆಯಲ್ಲಿ ಮಾರುವ ಯೋಚನೆ ಅವಳದ್ದು. ಹುರಿಯುವುದು, ಬೀಸುವುದು, ಪೊಟ್ಟಣ ಕಟ್ಟುವುದು ನಾನು. ಮಾತೆಲ್ಲ ಅವಳದು.

"ಹುರಿಯೋದು ನಾನು, ಹೆಸರು ಮಾತ್ರ ನಿಂಗೆ" ಎಂದು ಒಮ್ಮೆ ಅಂದಿದ್ದೆ.

"ನಿಮ್ಮ ಮುಖ ನೋಡಿ ಯಾರು ಕಾಫಿ ತಕ್ಕೊಂತಾರೆ? ಎಸ್ಟೇಟ್‌ಲಿ ಹಾಜರಿ ಕರ್ದ ಹಾಂಗೆ ಮೆಸೇಜು ಬರ್ದೀರಿ."

ಹಾಗಾಗಿ ಮೈಸೂರು, ಹಾಸನ, ಇನ್ನೂ ಎಲ್ಲೆಲ್ಲೋ ಇದ್ದ ಗಿರಾಕಿಗಳಿಗೆ ಈ ಮನೆಯಲ್ಲಿ ಒಬ್ಬ ಅಕ್ಕ ಇದ್ದಾರೆ ಎಂದು ಮಾತ್ರ ಗೊತ್ತಿತ್ತು. ನಾನೊಬ್ಬನಿದ್ದೇನೆ ಎಂದು ಗೊತ್ತಿರಲಿಲ್ಲ. ಅದರಿಂದ ನನಗೇನೂ ಬೇಜಾರಿರಲಿಲ್ಲ.

ಎಲ್ಲರಿಗೂ ಕಳಿಸುವ ಮೊದಲು ಅವಳು ನನ್ನೊಬ್ಬನಿಗೆ ಕಳಿಸಿ ನೋಡುತ್ತಿದ್ದಳು. ನಾನು ಹುರಿಯುವ ಶೆಡ್ಡಿನಿಂದ "ಬಾತ್!" ಎಂದು ಕೂಗಬೇಕು. ನಮ್ಮ ಅರೆಭಾಷೆಯಲ್ಲಿ ಬಂತು ಎನ್ನುವುದು ಹಾಗೆ. ನಮ್ಮಿಬ್ಬರ ಮನೆಯವರೂ ಭಾಗಮಂಡಲದ ಕಡೆಯವರು, ನನ್ನ ಕೆಲಸಕ್ಕಾಗಿ ಈ ಕಡೆ ಬಂದು ನಿಂತವರು.

"ತಪ್ಪು ಉಟ್ಟಾ ನೋಡಿ" ಎಂದು ಒಳಗಿನಿಂದ ಕೇಳುವಳು. ಉಟ್ಟು ಎಂದರೆ ಇದೆ ಎಂದು.

"ಓದಿಲ್ಲೆ. ಬಾತ್, ಅಷ್ಟೇ."

"ಓದದವರಿಗೆ ಎಂತಕೆ ಕಳ್ಸುದು ನಾನು! ಬೀಜ ಆದ್ರೂ ನೋಡ್ಕೊಳ್ಳಿ, ಕರಿ ಮಾಡ್ಬೇಡಿ."

ಅದಕ್ಕೆಲ್ಲ ಅವಳು ಒಂದು ದೊಡ್ಡ ಕಂಪನಿಯ ಸಾಫ್ಟ್‌ವೇರ್ ಬಾಡಿಗೆಗೆ ತೆಗೆದುಕೊಂಡಿದ್ದಳು. ಮೊದಲು ಪುಕ್ಕಟೆ ಇತ್ತಂತೆ. ಆಮೇಲೆ ಪಟ್ಟಿಯಲ್ಲಿ ಜನ ಹೆಚ್ಚಿದ ಹಾಗೆ ಬಾಡಿಗೆಯೂ ಹೆಚ್ಚಿತು. ಪುಡಿ ಕೊಂಡವರು, ಒಂದೇ ಸಲ ಕೊಂಡು ಬಿಟ್ಟವರು, ಸುಮ್ಮನೆ ವಿಚಾರಿಸಿದವರು, ನೆಂಟರು, ಎಲ್ಲರಿಗೂ ತಲೆಗಿಷ್ಟು. ಕೊಳ್ಳದವರನ್ನು ತೆಗೆದುಬಿಡು ಎಂದು ತಂಗಿ ಎಷ್ಟೋ ಸಲ ಹೇಳಿದ್ದಳು. ಇವಳಿಗೆ ಮನಸ್ಸಾಗಲಿಲ್ಲ. ಮಾತಾಡಿಸಿದವರನ್ನು ಹೇಗೆ ತೆಗೆಯುವುದು ಎನ್ನುತ್ತಿದ್ದಳು.

ಸೂತಕದ ದಿನಗಳಲ್ಲಿ ಸಂದೇಶಗಳು ಹೋಗುತ್ತಲೇ ಇದ್ದವು. ಒಂದು ಪೊಟ್ಟಣ ಮುಗಿಯುವ ಹೊತ್ತಿಗೆ "ಪುಡಿ ಮುಗಿದಿರಬೇಕಲ್ಲ?" ಎಂದು ಕೇಳುವುದು, ತಲುಪಿದ ಮೇಲೆ "ಹೇಗಿತ್ತು?" ಎಂದು ಕೇಳುವುದು, ಹೀಗೆ ಅವಳು ವರ್ಷಗಳಿಂದ ಒಂದಕ್ಕೊಂದು ಕಟ್ಟಿಟ್ಟದ್ದು ಅದರಲ್ಲಿ ಎಷ್ಟಿತ್ತೋ. ನಾದಿನಿ ಕುಳಿತು ಒಂದನ್ನು ನಿಲ್ಲಿಸಿದರೆ ಇನ್ನೊಂದು ಎಲ್ಲಿಂದಲೋ ಹೊರಡುತ್ತಿತ್ತು. ಆರ್ಡರುಗಳು ಬಂದವು.

ಅತ್ತೆ ಖಡಾಖಂಡಿತವಾಗಿ ಹೇಳಿದರು. "ಸೂತಕದ ಮನೆಂದ ಒಂದು ಹಿಡಿ ಉಪ್ಪೂ ಹೊರಗೆ ಹೋಗ್ಬಾರ್ದು. ಪುಡಿ ಕಳ್ಸುದಾ? ತಿಂಬವಕ್ಕೆ ಒಳ್ಳೇದಾದಾ?"

ಅವರು ಹೇಳಿದ್ದು ಸರಿ. ಆದರೆ ಕೇಳಿದವರಿಗೆ ಏನು ಹೇಳುವುದು? ಮೈಸೂರಿನ ಯಾರೋ "ಅಕ್ಕ, ಯಾಕೆ ಈ ಸಲ ತಡ? ಹುಷಾರಾಗಿದ್ದೀರಾ?" ಎಂದು ಬರೆದಿದ್ದರು. ಅವಳ ಫೋನು ಕೈಗೆತ್ತಿಕೊಂಡೆ. "ಸ್ವಲ್ಪ ತಡವಾಗುತ್ತದೆ" ಎಂದು ಕಳಿಸಿದೆ. ಆ ಕಡೆಯಿಂದ "ಪರವಾಗಿಲ್ಲ ಅಕ್ಕ, ಆರಾಮಾಗಿ ಕಳಿಸಿ" ಎಂದು ಬಂತು. ನಾನು ಸುಳ್ಳು ಹೇಳಿರಲಿಲ್ಲ, ಆದರೂ ಅವರು ಮಾತಾಡಿದ್ದು ಅವಳ ಜೊತೆ.

ಕರ್ಮಾಂತರ ಮುಗಿದ ಮೇಲೆ ಬ್ಯಾಂಕಿಗೆ ಹೋಗಿ ಮರಣ ಪತ್ರ ಕೊಟ್ಟು ಬಂದೆ. ಅವಳ ಕಾರ್ಡು ನಿಂತಿತು. ಸಾಫ್ಟ್‌ವೇರಿನ ಬಾಡಿಗೆ ಹೋಗುತ್ತಿದ್ದದ್ದು ಅದರಿಂದಲೇ ಎಂದು ನನಗೆ ಹೊಳೆದಿರಲಿಲ್ಲ. ಆ ವಾರವೇ ಕಂಪನಿಯಿಂದ ಎಚ್ಚರಿಕೆ ಬಂತು. ಹಣ ಬಾರದಿದ್ದರೆ ತಿಂಗಳ ಕೊನೆಗೆ ಖಾತೆ ಮುಚ್ಚುತ್ತಾರಂತೆ.

"ಮುಚ್ಚಿದ್ರೆ ಎಂತ ಆದು?" ಎಂದು ನಾದಿನಿಯನ್ನು ಕೇಳಿದೆ. ಅವಳು ಗೋಣಿಕೊಪ್ಪಲಿನ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು.

"ಜನ ಎಲ್ಲ ಹೋದು ಬಾವ. ಯಾರು ಎಲ್ಲಿರೋರು ಅಂತ ನಮಗೆ ಗೊತ್ತಾಗುಲ್ಲೆ."

ಆ ಜನ ಹೋಗಲಿ, ವ್ಯಾಪಾರ ನಿಲ್ಲಲಿ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಅವರಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಖಾತೆ ಮುಚ್ಚಿದರೆ, ಇಷ್ಟು ವರ್ಷ ಮಳೆ ಹೇಗಿದೆ, ಹೂವು ಬಂತೇ ಎಂದು ಕೇಳುತ್ತಿದ್ದವರ ಪಾಲಿಗೆ ಅವಳು ಸತ್ತಿರುವುದಿಲ್ಲ, ಸುಮ್ಮನೆ ಮಾತು ಬಿಟ್ಟಿರುತ್ತಾಳೆ. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಗುಂಡಿನ ಸದ್ದು ಮುಟ್ಟುವಷ್ಟು ದೂರದವರಿಗೆ ಮಾತ್ರ ಸುದ್ದಿ ಮುಟ್ಟಿತ್ತು. ಉಳಿದವರಿಗೆ ಮುಟ್ಟಿಸಬೇಕಾದವನು ನಾನು, ಅದೂ ತಿಂಗಳು ಮುಗಿಯುವುದರೊಳಗೆ.

ಬಾಡಿಗೆ ಕಟ್ಟುವ ಶಕ್ತಿ ಇರಲಿಲ್ಲ. ಅದಕ್ಕೆ ನಾದಿನಿ ಬೇರೆ ದಾರಿ ಹೇಳಿದಳು. ಇದೇ ಕೆಲಸ ಮಾಡುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದಂತೆ. ಅದನ್ನು ನಮ್ಮ ಮನೆಯ ಕಂಪ್ಯೂಟರಿಗೇ ಹಾಕಿಕೊಂಡರೆ ಯಾರಿಗೂ ಬಾಡಿಗೆ ಕೊಡಬೇಕಾಗಿಲ್ಲ, ತಲೆ ಲೆಕ್ಕವೂ ಇಲ್ಲ. ಭಾನುವಾರ ಬೆಳಿಗ್ಗೆ ಬಂದು, ಅಕ್ಕನ ಹಳೆಯ ಲ್ಯಾಪ್‌ಟಾಪನ್ನು ಮೆಣಸಿನ ಕೋಣೆಯ ಶೆಲ್ಫಿನ ಮೇಲಿಟ್ಟು, ಕರೆಂಟು ಹೋದರೆ ಇರಲೆಂದು ಬ್ಯಾಟರಿ ಕೂರಿಸಿ, ಕಂಪನಿಯ ಖಾತೆಯಲ್ಲಿದ್ದ ಜನರ ಪಟ್ಟಿಯನ್ನು ಅದಕ್ಕೆ ಇಳಿಸಿಕೊಂಡು, ಸಂದೇಶ ಕಳಿಸಲು ಒಂದು ಹಳೆಯ ಫೋನನ್ನು ತಂತಿಯಿಂದ ಜೋಡಿಸಿದಳು. ಮೆಣಸಿನ ಘಾಟಿಗೆ ಸೀನುತ್ತಲೇ ಎಲ್ಲ ಮಾಡಿದಳು.

"ಮೊದ್ಲು ಇವ್ರೆಲ್ಲ ಎಲ್ಲಿದ್ದದು?" ಎಂದು ಕೇಳಿದೆ.

"ಎಲ್ಲೋ ಹೊರದೇಶದ ಕಂಪ್ಯೂಟರಿಲಿ."

"ಈಗ?"

"ಇಲ್ಲೇ. ಇದ್ರ ಒಳಗೆ."

ಮೆಣಸಿನ ಚೀಲಗಳ ನಡುವೆ ಇದ್ದ ಆ ಲ್ಯಾಪ್‌ಟಾಪನ್ನು ನೋಡಿದೆ. ಅದರ ಮುಚ್ಚಳದ ಮೇಲೆ ಅವಳು ಅಂಟಿಸಿದ್ದ ಕಾಫಿ ಹೂವಿನ ಸ್ಟಿಕ್ಕರ್ ಅರ್ಧ ಕಿತ್ತಿತ್ತು. ಇಲ್ಲಿದ್ದಾರೆ ಎಂದರೆ ಏನು, ಅಲ್ಲಿದ್ದರು ಎಂದರೆ ಏನು, ನನಗೆ ಅರ್ಥವಾಗಲಿಲ್ಲ. ಈಗಲೂ ಆಗಿಲ್ಲ. ಆದರೂ ಆ ದಿನದಿಂದ ಆ ಕೋಣೆಯ ಬಾಗಿಲನ್ನು ಮೆಲ್ಲಗೆ ಹಾಕುತ್ತೇನೆ.

ಹೊಸ ಸಾಫ್ಟ್‌ವೇರಿನಲ್ಲಿ ಎಲ್ಲಕ್ಕಿಂತ ಮೇಲೆ ನಾದಿನಿ ಒಂದೇ ಒಂದು ಗುಂಡಿ ಮಾಡಿದ್ದಳು. ಒತ್ತಿದರೆ ತಾನಾಗಿ ಹೋಗುವ ಸಂದೇಶಗಳೆಲ್ಲ ನಿಲ್ಲುತ್ತವೆ. ಅದಕ್ಕೆ "ಸೂತಕ" ಎಂದು ಹೆಸರು ಕೊಟ್ಟಿದ್ದಳು. ಅತ್ತೆಗೆ ತೋರಿಸಿದಾಗ ಅವರು, "ಇದ್ನ ಆ ಕಂಪನಿಯವಕ್ಕೆ ಮೊದ್ಲೇ ಮಾಡೋಕೆ ಎಂತ ಆಗಿತ್ತು? ಅವ್ರ ಮನೆಲಿ ಯಾರೂ ಸಾಯ್ದಿಲ್ಲೆನಾ?" ಎಂದರು. ನಾದಿನಿಗೆ ನಗು ಬಂತು. ಅಕ್ಕ ಹೋದ ಮೇಲೆ ಅವಳು ನಕ್ಕದ್ದನ್ನು ಆ ದಿನವೇ ಮೊದಲು ನೋಡಿದೆ.

ಆಮೇಲೆ ಸುದ್ದಿ ಬರೆಯುವ ಕೆಲಸ. "ಕಳಿಸುವವರು" ಎಂಬ ಜಾಗ ಖಾಲಿ ಇತ್ತು. ನಾದಿನಿ ಬೆರಳು ಎತ್ತಿಕೊಂಡು ಕಾದಳು.

"ಅಕ್ಕನ ಹೆಸ್ರೇ ಇರ್ಲಾ? ಗುರ್ತ ಸಿಕ್ಕುದು."

"ಸತ್ತದನ್ನ ಅವಳೇ ಹೇಳುದಾ?"

"ಹಂಗಾರೆ ನಿಮ್ಮದು ಹಾಕ್ಲಾ?"

"ನನ್ನ ಯಾರಿಗೆ ಗೊತ್ತು?"

ಕೊನೆಗೆ "ಮನೆಯವರು" ಎಂದು ಹಾಕಲು ಹೇಳಿದೆ. ಹೆಂಡತಿಯರು ಗಂಡನನ್ನು ಹಾಗೆ ಕರೆಯುತ್ತಾರೆ, ಮನೆಯಲ್ಲಿ ಇರುವವರೆಲ್ಲರಿಗೂ ಹಾಗೆ ಎನ್ನುತ್ತಾರೆ. ಯಾವುದಾದರೂ ಇರಲಿ ಎಂದುಕೊಂಡೆ.

ನಮ್ಮ ಕಡೆ ಸಾವಿನ ಸುದ್ದಿ ತಂದವರು ಅಂಗಳದಲ್ಲೇ ನಿಂತು ಹೇಳುತ್ತಾರೆ. ಒಳಗೆ ಬರುವುದಿಲ್ಲ, ಕೂರುವುದಿಲ್ಲ, ಹೋಗಿ ಬರುತ್ತೇನೆ ಎನ್ನುವುದೂ ಇಲ್ಲ. ಹಾಗೆಯೇ ಬರೆದೆ. ನಮಸ್ಕಾರ ಹಾಕಲಿಲ್ಲ. ನಿಮಗೆ ಪುಡಿ ಕಳಿಸುತ್ತಿದ್ದವಳು ತೀರಿಕೊಂಡಿದ್ದಾಳೆ, ನಾನು ಅವಳ ಗಂಡ, ಬೀಜ ಹುರಿಯುತ್ತಿದ್ದವನು, ಇಷ್ಟೇ. ಎಸ್ಟೇಟಿನ ಹಾಜರಿ ಕರೆದ ಹಾಗೆಯೇ ಇತ್ತು. ನಾದಿನಿ ಅದರ ಕೆಳಗೆ, "ಇನ್ನು ಸಂದೇಶ ಬೇಡವಾದರೆ ಬೇಡ ಎಂದು ಉತ್ತರಿಸಿ" ಎಂಬ ಸಾಲು ಸೇರಿಸಿದಳು. ಅದು ಇರಲೇಬೇಕಂತೆ. ಸಾವಿನ ಸುದ್ದಿ ಹೇಳಿ, ಬೇಡವಾದರೆ ತಿಳಿಸಿ ಎನ್ನುವುದು ಎಂಥದ್ದು ಎಂದು ಕೇಳಿದೆ. ಆ ಸಾಲು ಉಳಿಯಿತು.

ಆದರೆ ಪಟ್ಟಿಯಲ್ಲಿ ನೆಂಟರೂ ಇದ್ದರಲ್ಲ. ಅವರಿಗೆ ಇದು ಹೋಗಬಾರದೆಂದು ಅತ್ತೆ ಹಠ ಹಿಡಿದರು. ಒಂದು ಸಾವನ್ನು ಒಂದು ಮನೆಗೆ ಎರಡು ಸಲ ಹೇಳಬಾರದು. ಅಂಗಳದಲ್ಲಿ ಕುಳಿತು ಆ ಮೊದಲನೆಯ ಸಂದೇಶ ಓದಿದವರಿಗೆ ಇದನ್ನೂ ಕಳಿಸುವುದೇ?

ಅದಕ್ಕೆ ನಾದಿನಿ ಎರಡು ಗುಂಪು ಮಾಡಿದಳು. ಗೊತ್ತಿರುವವರು, ಗೊತ್ತಿಲ್ಲದವರು. ಎಲ್ಲರೂ ಮೊದಲು ಗೊತ್ತಿಲ್ಲದವರಲ್ಲಿ ಇದ್ದರು. ಗೊತ್ತಿರುವವರನ್ನು ಒಬ್ಬೊಬ್ಬರಾಗಿ ಆರಿಸಿ ಈಚೆಗೆ ಹಾಕುವುದು ನನ್ನ ಕೆಲಸ. ಅವಳು ಕಾಲೇಜಿಗೆ ಹೋದ ದಿನಗಳಲ್ಲಿ ಮಧ್ಯಾಹ್ನ ಊಟವಾದ ಮೇಲೆ ಮೆಣಸಿನ ಕೋಣೆಯಲ್ಲಿ ಕುಳಿತು ಅದನ್ನೇ ಮಾಡಿದೆ. ಕೆಲವರಲ್ಲಿ ಸಂಶಯ ಬರುತ್ತಿತ್ತು. ಕುಟ್ಟದಲ್ಲಿ ಅಂಗಡಿ ಇಟ್ಟವರಿಗೆ ಬಸ್ಸಿನವರು ಹೇಳಿರಬಹುದೇ? ಹೇಳಿರಲಿಕ್ಕಿಲ್ಲ. ಅವಳ ಜೊತೆ ಓದಿದವಳಿಗೆ? ಗೊತ್ತಿದ್ದೂ ಬಾರದವರಿದ್ದರು, ಗೊತ್ತಾಗದೆ ಬಾರದವರಿದ್ದರು. ಯಾರು ಯಾವುದು ಎಂದು ಹೇಗೆ ಹೇಳಲಿ? ಒಬ್ಬರನ್ನು ಈಚೆಗೆ ಹಾಕಿ, ಮತ್ತೆ ಆಚೆಗೆ ಹಾಕಿ, ಕೊನೆಗೆ ಎದ್ದು ಹೋಗಿ ತೋಟದಲ್ಲಿ ಸುಮ್ಮನೆ ನಿಂತು ಬರುತ್ತಿದ್ದೆ.

ತಿಂಗಳ ಕೊನೆಯ ಭಾನುವಾರ ನಾದಿನಿ ಬಂದಳು. ತಡೆದಿಟ್ಟಿದ್ದ ಆರ್ಡರುಗಳಿಗಾಗಿ ಅವತ್ತು ನಾನು ಮತ್ತೆ ಬೀಜ ಹುರಿಯಲು ಕೂತಿದ್ದೆ. ಅವಳು ಮೆಣಸಿನ ಕೋಣೆಯಿಂದ ಕೂಗಿ ಹೇಳಿದಳು, "ಬಾವ, ಸುದ್ದಿ ಬಿಡ್ತಾ ಒಳೆ. ಈ ಫೋನಿಲಿ ಒಂದೊಂದೇ ಹೋದು, ಎಲ್ಲರಿಗೂ ಮುಟ್ಟೋಕೆ ಕೆಲವು ದಿನ ಹಿಡ್ದದೆ."

"ಹೋಗ್ಲಿ, ಅವಸರ ಇಲ್ಲೆ" ಎಂದೆ. ಬೀಜ ಚಟಪಟ ಎನ್ನಲು ಶುರುವಾಗಿತ್ತು.

ಆಗ ಜೇಬಿನಲ್ಲಿ ಫೋನು ಸದ್ದು ಮಾಡಿತು. ಯಾವುದೋ ಆರ್ಡರ್ ಎಂದುಕೊಂಡು ತೆಗೆದೆ. "ನಿಮಗೆ ಪುಡಿ ಕಳಿಸುತ್ತಿದ್ದವಳು ತೀರಿಕೊಂಡಿದ್ದಾಳೆ" ಎಂದಿತ್ತು.

ನಾನೇ ಬರೆದದ್ದು ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಅದಕ್ಕೆ ಮೊದಲು, ಯಾರೋ ಅಂಗಳದಲ್ಲಿ ನಿಂತು ಹೇಳಿ ಹೋದ ಹಾಗೆ ಆಗಿ, ನಾನು ಎದ್ದು ನಿಂತಿದ್ದೆ. ಜೀಪಿನಲ್ಲಿ ಆ ಕೈ ಹಿಡಿದು ಕುಳಿತಿದ್ದವನು ನಾನೇ. ನನಗೆ ಯಾರೂ ಬಂದು ಹೇಳಿರಲಿಲ್ಲ. ಹೇಳುವ ಅಗತ್ಯವಿದೆ ಎಂದು ಯಾರಿಗೆ ತಾನೆ ಅನ್ನಿಸೀತು?

ಅವಳು ಮೊದಲು ಕಳಿಸಿ ನೋಡುತ್ತಿದ್ದದ್ದು ನನಗಾದ್ದರಿಂದ ಪಟ್ಟಿಯಲ್ಲಿ ಮೊದಲನೆಯ ಹೆಸರು ನನ್ನದೇ ಇತ್ತು. ನೆಂಟರನ್ನೆಲ್ಲ ಆರಿಸಿ ಈಚೆಗೆ ಹಾಕಿದವನು ನನ್ನನ್ನು ಅಲ್ಲೇ ಬಿಟ್ಟಿದ್ದೆ.

ನಾದಿನಿಗೂ ಅದು ಕಂಡಿರಬೇಕು. ಕೋಣೆಯಿಂದ ಅವಳ ದನಿ ಬಂತು, ಅಕ್ಕನದೇ ದನಿ, ಸ್ವಲ್ಪ ತೆಳ್ಳಗೆ.

"ಬಾವ, ನಿಮ್ಮ ಹೆಸ್ರು ಗೊತ್ತಿಲ್ಲದವರಲ್ಲಿ ಉಟ್ಟಲ್ಲ... ನಿಲ್ಸಿದ್ದೆ. ನಿಮಗೆ ಬಾತಾ?"

ಬೀಜದಿಂದ ಹೊಗೆ ಏಳುತ್ತಿತ್ತು. ಇನ್ನು ಸ್ವಲ್ಪ ಬಿಟ್ಟರೆ ಕರಿಯಾಗುತ್ತಿತ್ತು. ಬೀಜವನ್ನು ಮೊರಕ್ಕೆ ಸುರಿದೆ.

"ಬಾತ್" ಎಂದು ಕೂಗಿದೆ.

"ಉಳ್ದವಕ್ಕೆ ಬಿಡ್ಲಾ?"

"ಬಿಡು."