ಟಿಟ್ಟಿಭಕ್ಕೆ ಬಿಟ್ಟ ಜಾಗ

ಹೊಸ ಅಗ್ರಹಾರದ ಹತ್ತಿರ ರತ್ನಮ್ಮ ಅನ್ನುವವರ ಹೊಲ ಉಳಲು ಟ್ರ್ಯಾಕ್ಟರ್ ತಗೊಂಡು ಹೋಗಿದ್ದೆ. ಅರ್ಧ ಉತ್ತಿದ್ದೆ, ಒಂದು ಟಿಟ್ಟಿಭ ಹಕ್ಕಿ ರೆಕ್ಕೆ ಅಗಲಿಸಿ ಗಾಲಿಯ ಮುಂದೆಯೇ ನಿಂತುಬಿಟ್ಟಿತು. ಹಾರ್ನ್ ಹೊಡೆದರೂ ಕದಲಲಿಲ್ಲ. ಇಳಿದು ನೋಡಿದರೆ ಬರೀ ನೆಲದಲ್ಲಿ, ಕಲ್ಲುಗಳ ನಡುವೆ ನಾಲ್ಕು ಮೊಟ್ಟೆ.

“ಎತ್ತಿ ಬದಿನ ಮ್ಯಾಲೆ ಮಡಗಪ್ಪ. ನಾಳೆ ಬಿತ್ನೆ ಆಗ್ಬೇಕು,” ಅಂದರು ರತ್ನಮ್ಮ.

“ಬ್ಯಾಡ ಕಣಕ್ಕ. ಇನ್ನೊಬ್ರ ಹೊಲದಲ್ಲಿ ಒಂದ್ಸಲ ಅಂಗೇ ಮಾಡಿದ್ದೆ. ತಾಯಿ ಆಮೇಲೆ ಮೊಟ್ಟೆ ತಾವ್ಕೆ ಬರ್ಲೇ ಇಲ್ಲ,” ಅಂದೆ. ಆ ವಿಷಯ ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಅವರು ಒಪ್ಪಲಿಲ್ಲ. ಹೊಂಗೆ ಮರದ ನೆರಳಿಗೆ ಹೋಗಿ ವಾದ ಮಾಡುತ್ತಿದ್ದೆವು. ಅಷ್ಟರಲ್ಲಿ ಹಕ್ಕಿ ಹೊಲದಂಚಿನಲ್ಲಿದ್ದ ದನದ ತೊಟ್ಟಿ ಪಕ್ಕದ ನೀರಿನ ಗುಂಡಿಗೆ ಇಳಿಯಿತು. ಕುಡಿಯಲಿಲ್ಲ. ಹೊಟ್ಟೆಯನ್ನು ನೀರಿಗೆ ಒತ್ತಿ ಪುಕ್ಕ ನೆನೆಸಿಕೊಂಡು ಓಡಿಬಂದು, ಬಿಸಿಲಿಗೆ ಕಾದ ಮೊಟ್ಟೆಗಳ ಮೇಲೆ ಕೂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಹೋಗಿ ಹಾಗೆಯೇ ನೆನೆದು ಬಂತು.

ರತ್ನಮ್ಮ ಮಾತು ನಿಲ್ಲಿಸಿ ನೋಡುತ್ತಾ ನಿಂತರು. “ನನ್ ಮಗೀಗೆ ಜ್ವರ ಬಂದಾಗ ನಾನೂ ಇಂಗೇ ಒದ್ದೆ ಬಟ್ಟೆ ಆಕ್ತಿದ್ದೆ,” ಅಂದರು. ಆಮೇಲೆ ಮೆಲ್ಲಗೆ, “ಸುತ್ತಾಕ್ಕೊಂಡು ಉತ್ಬುಡು ಕಣಪ್ಪ,” ಅಂದರು.

ಎರಡು ಚಾಪೆ ಹಾಸುವಷ್ಟು ಜಾಗ ಬಿಟ್ಟು ಉತ್ತೆ. ತಿಂಗಳೊಳಗೆ ಅವರೇ ಫೋನ್ ಮಾಡಿ, ನಾಲ್ಕೂ ಮರಿಗಳು ಓಡಾಡುತ್ತಿವೆ ಅಂತ ತಿಳಿಸಿದರು.

“ಸಾಲು ಯಾಕೆ ಸೊಟ್ಟಗದೆ ಅಂತ ಊರೋರೆಲ್ಲ ಕೇಳ್ತಿದ್ರು ಕಣಪ್ಪ. ಹಕ್ಕಿ ಅದೆ ಅಂದ್ರೆ ನೋಡಕ್ಕೆ ಬಂದು ತುಳೀತಾರೆ. ಅದ್ಕೆ ಡ್ರೈವರ್ ಹೊಸಬ, ಇನ್ನೂ ಕಲೀತಾವ್ನೆ ಅಂದ್ಬುಟ್ಟೆ.”

ನಾನು ಟ್ರ್ಯಾಕ್ಟರ್ ಹತ್ತಿ ಹದಿನೆಂಟು ವರ್ಷವಾಯಿತು. ಆ ಊರಿನಿಂದ ಮಾತ್ರ ಇನ್ನೂ ಯಾರೂ ನನ್ನನ್ನು ಉಳಲು ಕರೆದಿಲ್ಲ.