ಅಣ್ಣ ಆರಿಸಿದ್ದ ಕುರ್ಚಿ

ನೆನೆಸಿದ ಬೆತ್ತಕ್ಕೆ ಒಂದು ವಾಸನೆ ಇದೆ. ಹಸಿ ಹುಲ್ಲಿನದೂ ಅಲ್ಲ, ಮಣ್ಣಿನದೂ ಅಲ್ಲ... ಎರಡರ ನಡುವಿನದು. ಹೋದ ತಿಂಗಳು ಮಗಳ ಜೊತೆ ಬಂಗಾರಪೇಟೆಯ ಹಳೇ ಸಾಮಾನಿನ ಅಂಗಡಿಯೊಂದರ ಬಾಗಿಲು ದಾಟುತ್ತಿದ್ದಂತೆ ಆ ವಾಸನೆ ಮೂಗಿಗೆ ಬಂತು. ಒಳಗೆ ಒಬ್ಬರು ಬಕೆಟ್ಟಿನಲ್ಲಿ ಬೆತ್ತ ನೆನೆಹಾಕಿಕೊಂಡು ಕುರ್ಚಿಯ ಸೀಟು ಹೆಣೆಯುತ್ತಿದ್ದರು. ನನಗೆ ಮುಂದೆ ಹೆಜ್ಜೆ ಇಡಲು ಆಗಲಿಲ್ಲ.

ಮಗಳು ಹೊಸ ಮನೆ ಮಾಡಿದ್ದಾಳೆ. ಅದರ ಹಜಾರಕ್ಕೆ ಹಳೇ ಕಾಲದ ಸೋಫಾನೇ ಬೇಕಂತೆ. "ವಿಂಟೇಜ್ ಅಂತಾರಮ್ಮ ಇದಕ್ಕೆ. ನಾನು ಚಿಕ್ಕೋಳಿದ್ದಾಗ ನಮ್ಮನೇಲಿತ್ತಲ್ಲ, ಬೆನ್ನಿಗೆ ಬೆತ್ತ ಹೆಣೆದಿದ್ದು, ಅಂಥದ್ದೇ ಬೇಕು" ಅಂದಳು. ನಾನು ಹ್ಞೂ ಅಂದೆ. ಆ ಸೋಫಾ ನಮ್ಮ ಮನೆಗೆ ಹೇಗೆ ಬಂತು ಅಂತ ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ಯಾರಿಗೂ ಹೇಳಿರಲಿಲ್ಲ. ನಾನು ಓದಿದ್ದು ಆರನೇ ಕ್ಲಾಸು, ಬರೆಯುವ ಅಭ್ಯಾಸವಿಲ್ಲ. ಆದರೂ ಇದನ್ನು ಬರೆಯದೆ ಇರಲಾರೆ ಅನ್ನಿಸಿದೆ.

ನನ್ನ ಅಣ್ಣ ನಂದಿದುರ್ಗ ಚಿನ್ನದ ಗಣಿಯಲ್ಲಿ ಟಿಂಬರ್‌ಮ್ಯಾನ್ ಆಗಿದ್ದ. ನೆಲದ ಆಳದಲ್ಲಿ ಸುರಂಗ ಕುಸಿಯದ ಹಾಗೆ ಮರದ ಕಂಬಗಳನ್ನು ಆನಿಸಿ ನಿಲ್ಲಿಸುವ ಕೆಲಸ. ಕಂಬ ಗಟ್ಟಿಯಾಗಿದೆಯೋ, ಒಳಗೊಳಗೇ ಕೆಟ್ಟಿದೆಯೋ ಅಂತ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಕೊಟ್ಟು ಕೇಳುತ್ತಿದ್ದನಂತೆ. ಒಪ್ಪಿಗೆಯಾದ ಕಂಬಕ್ಕೆ ಸೀಮೆಸುಣ್ಣದಲ್ಲಿ ತನ್ನ ಗುರುತು ಹಾಕುತ್ತಿದ್ದ. ಅಡ್ಡ ಎರಡು ಗೀಟು, ಅದರ ಮೇಲೆ ಓರೆಯಾಗಿ ಒಂದು. ಅವನ ಜೊತೆಯವರಿಗೂ ಒಬ್ಬೊಬ್ಬರಿಗೆ ಒಂದೊಂದು ಗುರುತು ಇತ್ತು. ಒಬ್ಬರ ಗುರುತನ್ನು ಇನ್ನೊಬ್ಬರು ಅಳಿಸುತ್ತಿರಲಿಲ್ಲ, ಒಬ್ಬರ ಗುರುತನ್ನು ಇನ್ನೊಬ್ಬರು ಹಾಕುತ್ತಲೂ ಇರಲಿಲ್ಲ. "ಅದನ್ನ ನಂಬ್ಕೊಂಡು ಅದ್ರ ಕೆಳಗೆ ಜನ ನಿಂತ್ಕೋತಾರೆ ಕಣೇ" ಅಂತ ಅಣ್ಣ ಹೇಳುತ್ತಿದ್ದ.

ಗಣಿ ಮುಚ್ಚಿದ ಮೇಲೆ ಹಳೇ ಬಂಗಲೆಗಳಲ್ಲಿದ್ದ ಮರದ ಸಾಮಾನುಗಳು ಒಂದೊಂದಾಗಿ ಹೊರಗೆ ಬಂದವು. ಗಣಿಯ ಪಕ್ಕದ ಉರಿಗಾಂನಲ್ಲಿ ತಮಿಳು ಮಾತಾಡುವ ಹಿರಿಯರೊಬ್ಬರು ಅವನ್ನೆಲ್ಲ ಕೊಂಡು ಒಂದು ಶೆಡ್ಡಿನಲ್ಲಿ ತುಂಬಿಟ್ಟಿದ್ದರು. ಯಾವುದು ಮಾರಬಹುದು, ಯಾವುದು ಸೌದೆಗೆ ಅಂತ ಬೇರೆ ಮಾಡಿಕೊಡಲು ಅಣ್ಣನನ್ನು ಕರೆದರು. ಅಣ್ಣ ಯಾವ ಸೋಫಾವನ್ನೂ ಮುಂದಿನಿಂದ ನೋಡುತ್ತಿರಲಿಲ್ಲ. ಮೊದಲು ತಲೆಕೆಳಗು ಮಾಡಿಸುತ್ತಿದ್ದ. ಕಾಲ ಬುಡದಲ್ಲಿ ಸಣ್ಣ ತೂತು, ಹಿಟ್ಟಿನಂಥ ಪುಡಿ ಇದೆಯಾ ಅಂತ ಬೆರಳಾಡಿಸುತ್ತಿದ್ದ. ಕೀಲಿಗೆ ಮರದ ಬೆಣೆ ಹೊಡೆದಿದ್ದಾರೋ, ಆಮೇಲೆ ಯಾರೋ ಮೊಳೆ ಜಡಿದಿದ್ದಾರೋ ನೋಡುತ್ತಿದ್ದ. ಕೈ ಆನುವ ಜಾಗ ಹಿಡಿದು ಅಲುಗಾಡಿಸಿ, ಕೊನೆಗೆ ನಾಲ್ಕೂ ಕಾಲು ತಟ್ಟಿ ಕೇಳುತ್ತಿದ್ದ.

"ನಿಂದು ಕೈಯಾ, ಡಾಕ್ಟರು ಇಡೋ ಸ್ಟೆಥಾಸ್ಕೋಪಾ ತಂಬಿ?" ಅಂತ ಶೆಡ್ಡಿನವರು ರೇಗಿಸುತ್ತಿದ್ದರು.

"ಅಂಗಿದ್ರೆ ಮೊದ್ಲು ನನ್ನೆದೆಗೇ ಇಟ್ಕೋತಿದ್ದೆ ಬುಡಣ್ಣ" ಅನ್ನುತ್ತಿದ್ದ ಅಣ್ಣ. ಇಬ್ಬರೂ ನಗುತ್ತಿದ್ದರು. ಅಣ್ಣನ ನಗು ಕೆಮ್ಮಾಗುತ್ತಿತ್ತು.

ಗಣಿಯ ದೂಳು ಕುಡಿದು ಅವನ ಎದೆ ಕೆಟ್ಟಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ನೆಲದ ಮೇಲೆ ಕೂತು, ಎದುರಿಗೆ ಟ್ರಂಕು ಇಟ್ಟುಕೊಂಡು, ಅದರ ಮೇಲೆ ದಿಂಬುಗಳನ್ನು ಪೇರಿಸಿ, ಹಣೆ ಊರಿ ನಿದ್ದೆ ಮಾಡಲು ನೋಡುತ್ತಿದ್ದ. ಗಳಿಗೆಗೊಮ್ಮೆ ಎಚ್ಚರ. "ನಿಮ್ಮಣ್ಣ ನೆಟ್ಟಗೆ ನಿದ್ದೆ ಮಾಡಿ ಎಷ್ಟ್ ದಿನ ಆಯ್ತೋ..." ಅಂತ ಅತ್ತಿಗೆ ನನ್ನ ಹತ್ತಿರ ಹೇಳಿ ಸೆರಗು ಬಾಯಿಗಿಟ್ಟುಕೊಂಡಿದ್ದಳು.

ಆ ಶೆಡ್ಡಿನಲ್ಲಿ ಒಂದು ಕುರ್ಚಿ ಇತ್ತು. ನೋಡಲು ಒಂದು ಚೂರೂ ಚೆನ್ನಾಗಿರಲಿಲ್ಲ. ಎತ್ತರದ ಬೆನ್ನು, ಅಗಲವಾದ ಕೈಗಳು, ಕಪ್ಪಾದ ಮರ. ಬೆನ್ನನ್ನು ಎಷ್ಟು ಬೇಕೋ ಅಷ್ಟೇ ಹಿಂದಕ್ಕೆ ಇಳಿಸಿ ನಿಲ್ಲಿಸಲು ಹಿಂದೆ ಹಲ್ಲುಹಲ್ಲಾಗಿ ಕೊರೆದಿದ್ದರು. ಅಣ್ಣ ಒಂದು ಮಧ್ಯಾಹ್ನ ಅದರಲ್ಲಿ ಒರಗಿದವನು ಎರಡು ಗಂಟೆ ಹೊತ್ತು ನಿದ್ದೆ ಮಾಡಿಬಿಟ್ಟನಂತೆ. ಶೆಡ್ಡಿನವರು ಎಬ್ಬಿಸಲಿಲ್ಲ. ಎದ್ದಾಗ, "ಇಷ್ಟು ದಿನ ಮಾಡಿದ ಕೆಲ್ಸಕ್ಕೆ ನಿಂಗೆ ಬೇಕಾದ್ದು ಒಂದು ಸಾಮಾನು ತಗೋ" ಅಂದರು. ಅಣ್ಣ ಆ ಕುರ್ಚಿಯ ಅಡಿಗೆ ತನ್ನ ಗುರುತು ಹಾಕಿ ಬಂದ.

ಅದನ್ನು ತರುವ ಹೊತ್ತಿಗೆ ಅವನಿಗೆ ಮನೆಯ ಮೆಟ್ಟಿಲು ಇಳಿಯಲೂ ಆಗುತ್ತಿರಲಿಲ್ಲ. ನಾನಾಗ ಉರಿಗಾಂನಲ್ಲೇ ಬಾಡಿಗೆಗೆ ಇದ್ದೆ. ನನ್ನ ಯಜಮಾನರು ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಿದ್ದರು. "ಟೆಂಪೋ ಮಾತಾಡ್ಕೊಂಡು ಓಗಿ ಏರಿಸ್ಕೊಂಡು ಬಾ. ಅಡೀಲಿ ಗುರ್ತು ಐತೆ" ಅಂತ ನನ್ನನ್ನು ಕಳಿಸಿದ.

ನಾನು ಹೋದೆ. ಆ ಕುರ್ಚಿಯ ಪಕ್ಕದಲ್ಲೇ ಆ ಸೋಫಾ ಇತ್ತು.

ಈಗ ಹೇಳಿದರೆ ಎಷ್ಟು ಸಣ್ಣ ಕಾರಣ ಅನ್ನಿಸುತ್ತದೆ. ನಮ್ಮ ಸುತ್ತ ಫ್ಯಾಕ್ಟರಿ ಸ್ಟಾಫಿನವರ ಮನೆಗಳಿದ್ದವು. ಎಲ್ಲೆಲ್ಲಿಂದಲೋ ಬಂದ, ನನಗಿಂತ ಓದಿದ ಹೆಂಗಸರು. ಧಾರವಾಡದ ಕಡೆಯ ಒಬ್ಬರು ಒಮ್ಮೆ ಕುಂಕುಮಕ್ಕೆ ಬಂದಾಗ ನಾನು ಚಾಪೆ ಹಾಸಿದೆ. ಅವರು ರೇಷ್ಮೆ ಸೀರೆಯ ನೆರಿಗೆ ಹಿಡಿದು, "ಇರ್ಲಿ ಬಿಡ್ರಿ, ನಿಂತೇ ಇರ್ತೀನಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದಿರಬೇಕು. ನನಗೆ ಮಾತ್ರ ಅದು ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತು. ಶ್ರಾವಣದ ಶುಕ್ರವಾರ ಹತ್ತಿರ ಬರುತ್ತಿತ್ತು. ಅವರೆಲ್ಲ ಮತ್ತೆ ಬರುವವರಿದ್ದರು. ಆ ಸೋಫಾದ ಬಳುಕಿದ ಬೆನ್ನು, ಜೇನುಬಣ್ಣದ ತೇಗ, ಬೆನ್ನಿನ ತುಂಬ ಹೆಣೆದ ಬೆತ್ತ... ಅದರ ಮೇಲೆ ಅವರೆಲ್ಲ ಕೂತಿದ್ದು ನನ್ನ ಕಣ್ಣಿಗೆ ಕಂಡುಬಿಟ್ಟಿತು.

ಶೆಡ್ಡಿನವರು ಗೇಟಿನ ಹತ್ತಿರ ಯಾರ ಜೊತೆಗೋ ವ್ಯಾಪಾರದಲ್ಲಿದ್ದರು. "ಗುರುತು ಇರೋದನ್ನ ನೋಡಿ ಏರಿಸ್ಕೋ ತಂಗಚ್ಚಿ" ಅಂತ ಅಲ್ಲಿಂದಲೇ ಕೂಗಿದರು. ಬೆಲೆ ಬರೆಯುವ ಹಲಗೆಯ ಮೇಲೆ ಸೀಮೆಸುಣ್ಣದ ತುಂಡಿತ್ತು. ನಾನು ಕುರ್ಚಿಯ ಅಡಿಗೆ ಕೈ ಹಾಕಿ ಸೆರಗಿನಿಂದ ಒರೆಸಿದೆ. ಸೋಫಾದ ಅಡಿಗೆ ಅಡ್ಡ ಎರಡು ಗೀಟು, ಓರೆಯಾಗಿ ಒಂದು ಎಳೆದೆ. ಟೆಂಪೋದವನು ನೋಡಿದನಾ, ಅವರು ತಿರುಗಿದರಾ ಅಂತ ಅತ್ತಿತ್ತ ನೋಡಿದೆ. ಯಾರೂ ನೋಡಿರಲಿಲ್ಲ.

ಅಣ್ಣನಿಗೆ, "ಆ ಕುರ್ಚಿ ಯಾರ್ಗೋ ಮಾರೋಗೈತಂತಣ್ಣ. ಬದ್ಲಿಗೆ ಒಂದು ಸೋಫಾ ಕೊಟ್ರು. ಅಷ್ಟುದ್ದದ್ದು ನಿಮ್ಮನೇಲಿ ಇಡ್ಸಲ್ಲ ಅಂತ ನಮ್ಮನೇಲೇ ಇಳಿಸ್ದೆ" ಅಂದೆ. ಅವನು ಟ್ರಂಕಿನ ಕಡೆ ನೋಡಿದ. "ಓಗ್ಲಿ ಬುಡು" ಅಂದ.

ಶುಕ್ರವಾರ ಹೆಂಗಸರು ಬಂದರು, ಕೂತರು. ಧಾರವಾಡದವರು ಬೆತ್ತದ ಮೇಲೆ ಕೈಯಾಡಿಸಿ "ಭಾಳ ಛಲೋ ಐತ್ರಿ" ಅಂದರು. ನನಗೆ ಖುಷಿಯಾಗಬೇಕಿತ್ತು. ಬಾಗಿಲಲ್ಲಿ ನೆರಳು ಕಂಡಾಗಲೆಲ್ಲ ಶೆಡ್ಡಿನವರೇ ಬಂದರೇನೋ ಅಂತ ತಿರುಗಿ ನೋಡುತ್ತಿದ್ದೆ. ನಾಳೆ ಹೋಗಿ ಬದಲಾಯಿಸಿಕೊಂಡು ಬರೋಣ ಅಂದುಕೊಂಡೆ. ನಾಳೆ ಅಂದಿದ್ದು ಸೋಮವಾರವಾಯಿತು, ಸೋಮವಾರ ಮುಂದಿನ ವಾರವಾಯಿತು. ಹೋದರೆ ಏನಂತ ಹೇಳಲಿ? ಗುರುತು ಅಳಿಸಿದವಳು ನಾನೇ ಅಂತಲೇ?

ಅಷ್ಟರಲ್ಲಿ ಒಂದು ದಿನ ಅಣ್ಣನೇ ಅತ್ತಿಗೆಯ ಆಸರೆಯಲ್ಲಿ ಹೇಗೋ ಮೆಟ್ಟಿಲಿಳಿದು, ಅವಳ ಜೊತೆ ಆಟೋ ಹಿಡಿದು ನಮ್ಮ ಮನೆಗೆ ಬಂದ. "ಮರ ನೋಡ್ದೆ ತಂದಿದೀಯ. ತಟ್ಟಿ ನೋಡ್ತೀನಿ ತಡಿ" ಅಂದ. ಬೇಡ ಅಂದೆ, ಕಾಫಿ ಕುಡಿ ಅಂದೆ, ಎರಡು ಸಲ ಅಡ್ಡ ನಿಂತೆ. ಅವನು ಕೇಳಲಿಲ್ಲ. ನಮ್ಮ ಯಜಮಾನರು ಸೋಫಾವನ್ನು ಮಗುಚಿ ಹಾಕಿಕೊಟ್ಟು ಹೊರಗೆ ಹೋದರು.

ನಾನು ಎಳೆದಿದ್ದ ಗುರುತು ಹಾಗೇ ಇತ್ತು. ಅವನು ಆ ಸೋಫಾಕ್ಕೆ ಗುರುತು ಹಾಕಿರಲೇ ಇಲ್ಲ.

ಅಣ್ಣ ಅದನ್ನೇ ನೋಡಿದ. ನಾನು ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದೆ. ಬಯ್ಯುತ್ತಾನೆ, ಈಗ ಬಯ್ಯುತ್ತಾನೆ ಅಂತ ಕಾದೆ. ಅವನು ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಆ ಗೀಟುಗಳನ್ನು ಒಂದೊಂದಾಗಿ ಒರೆಸಿದ. ಆಮೇಲೆ ಕಾಲುಗಳನ್ನು ತಟ್ಟಿದ. ಹಿಂದಿನ ಎಡಗಾಲು ಟೊಳ್ಳಾಗಿ ಕೇಳಿಸಿತು. ನೆಲದ ಮೇಲೆ ಕೂತು, ನಾಲ್ಕು ಏಟಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಾ, ಹುಳ ತಿಂದಿದ್ದನ್ನು ಕೆತ್ತಿ ತೆಗೆದು ಹೊಸ ಮರದ ತುಂಡು ಕೂರಿಸಿದ. ಸಂಜೆಯವರೆಗೆ ಹಿಡಿಯಿತು. ಏಳುವಾಗ ನನ್ನ ಭುಜದ ಮೇಲೆ ಕೈಯಿಟ್ಟು, "ಇನ್ನು ಭಯ ಇಲ್ಲ. ಯಾರ್ ಕೂತ್ರೂ ತಡೀತದೆ" ಅಂದ. ಅಷ್ಟೇ...

ಮಾರನೇ ದಿನ ಬೆಳಿಗ್ಗೆಯೇ ಶೆಡ್ಡಿಗೆ ಓಡಿದೆ. ಕುರ್ಚಿ ಇರಲಿಲ್ಲ. ಹೊರಗಿನಿಂದ ಬಂದ ಯಾರೋ ಲಾರಿಯಲ್ಲಿ ಬೇರೆ ಸಾಮಾನಿನ ಜೊತೆ ಒಯ್ದಿದ್ದರು. ನಾನು ಹೇಳಿದ್ದ ಸುಳ್ಳು ಆವತ್ತಿಗೆ ನಿಜವಾಗಿತ್ತು.

ಆ ಚಳಿಗಾಲದಲ್ಲಿ ಅಣ್ಣ ಹೋದ. ಟ್ರಂಕಿನ ಮೇಲೆ ಹಣೆ ಊರಿಕೊಂಡೇ ಹೋದ. ಆ ಕುರ್ಚಿ ಇದ್ದಿದ್ದರೆ ಬದುಕುತ್ತಿದ್ದ ಅಂತ ನಾನು ಹೇಳುವುದಿಲ್ಲ. ಡಾಕ್ಟರು ಮೊದಲೇ ಕೈಬಿಟ್ಟಿದ್ದರು. ನಿದ್ದೆ ಮಾಡುತ್ತಿದ್ದ, ಅಷ್ಟು ಗೊತ್ತು. ಉಳಿದಿದ್ದ ದಿನಗಳಲ್ಲಿ ಒರಗಿಕೊಂಡು ನಿದ್ದೆ ಮಾಡುತ್ತಿದ್ದ.

ಹೋದ ತಿಂಗಳು ಆ ಅಂಗಡಿಯಲ್ಲಿ ಮಗಳು ಒಂದು ಸೋಫಾ ಮೆಚ್ಚಿದಳು. ನಾನು ಅದನ್ನು ಮಗುಚಿಸಿದೆ, ಕಾಲು ತಟ್ಟಿದೆ. "ಇದೆಲ್ಲ ಯಾರಮ್ಮ ಕಲಿಸಿದ್ದು?" ಅಂತ ಮಗಳು ನಕ್ಕಳು. ಅಲ್ಲೇ ನಿಂತು ಅವಳಿಗೆ ಎಲ್ಲ ಹೇಳಿದೆ. ಅವಳ ನಗು ನಿಂತುಹೋಯಿತು. "ಅತ್ತೆಗೆ ಹೇಳಿದ್ಯಾ?" ಅಂತ ಮಾತ್ರ ಕೇಳಿದಳು.

ಮರುದಿನ ನಂದಿದುರ್ಗದ ಗಣಿ ಕೆಲಸಗಾರರ ಲೈನ್ ಮನೆಗಳ ಕಡೆ ಹೋದೆ. ಅತ್ತಿಗೆ ಈಗಲೂ ಅದೇ ಮನೆಯಲ್ಲಿದ್ದಾಳೆ. ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನೂ ಒಂದು ಹಿಡಿ ಎಳೆದುಕೊಂಡು ಸುಲಿಯುತ್ತಾ ಹೇಳಿದೆ. ತಲೆ ಎತ್ತದೆ ಹೇಳಿದೆ. ಮುಗಿಸಿದ ಮೇಲೂ ಅವಳ ಕೈ ನಿಲ್ಲಲಿಲ್ಲ.

"ಗೊತ್ತು ಕಣಮ್ಮ. ಅವತ್ತು ನಿಮ್ಮನೆಯಿಂದ ಆಟೋದಲ್ಲಿ ವಾಪಸ್ ಬರ್ತಾನೇ ನಿಮ್ಮಣ್ಣ ಅಂದ್ರು."

"ಮತ್ತೆ ಯಾಕೆ ಏನೂ ಕೇಳ್ಲಿಲ್ಲ ಅತ್ತಿಗೆ? ನೀನಾದ್ರೂ..."

"ನಾನು ಕೇಳ್ತೀನಿ ಅಂತ ಎದ್ದೆ. ಬ್ಯಾಡ ಅಂದ್ರು. ಅವಳೇ ಬಂದು ಬಾಯ್ಬುಡ್ತಾಳೆ, ನಾವು ಕೇಳಿದ್ರೆ ಕುಗ್ಗೋಗ್ತಾಳೆ ಅಂದ್ರು. ಬಾಗ್ಲು ತಟ್ಟಿದ್ ಸದ್ದಾದ್ರೆ ಸಾಕು, ತಲೆ ಎತ್ತಿ 'ಅವಳೇನಾ ನೋಡು' ಅನ್ನೋರು. ಕೊನೇ ದಿನಾನೂ ಅಂದ್ರು."

ಅಷ್ಟು ದಿನವೂ ನಾನು ಅವನೆದುರು ಹೋಗಲು ಹೆದರಿ, ಹತ್ತು ನಿಮಿಷದ ದಾರಿಯಲ್ಲಿದ್ದೂ ಮನೆಯಲ್ಲೇ ಕೂತಿದ್ದೆ.